ಕೈ ಎತ್ತುವ ಇಚ್ಛೆಯನ್ನು ಓದಿದವರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲಿಗೆ ಒಂದು ವಿಡಿಯೋ ತುಣುಕನ್ನು ಕಳುಹಿಸಿದ್ದ. ತಲೆಗೆ ತಂತಿಗಳಿಂದ ತುಂಬಿದ ಟೋಪಿಯನ್ನು ಧರಿಸಿದ ವ್ಯಕ್ತಿಯೊಬ್ಬ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದಾನೆ. ಅವನ ಎರಡು ಕೈಗಳೂ ತೊಡೆಯ ಮೇಲಿವೆ. ಒಂದು ಬೆರಳೂ ಅಲುಗುತ್ತಿಲ್ಲ. ಎದುರಿನ ಮೇಜಿನ ಮೇಲಿರುವ ಯಂತ್ರದ ತೋಳೊಂದು ಮಾತ್ರ ನಿಧಾನವಾಗಿ ಸರಿದು, ಬಾಗಿ, ಒಂದು ವಸ್ತುವನ್ನು ಹಿಡಿದು ಎತ್ತುತ್ತದೆ. ಅದರ ಕೆಳಗೆ ಅವನ ಪ್ರಶ್ನೆ: "ಸಾರ್, ಇದು ನಿಜವಾ? ನರಮಂಡಲದ ಪಾಠ ಮಾಡುವಾಗ ನೀವು ಇದನ್ನು ಹೇಳಲೇ ಇಲ್ಲವಲ್ಲ!"

"ನಿಜ, ಆದರೆ ನೋಡಿದಷ್ಟು ನಿಜವಲ್ಲ. ಬರೆದು ತಿಳಿಸುತ್ತೇನೆ" ಎಂದು ಉತ್ತರಿಸಿದೆ. ಒಂದು ಸಂಜೆಯಲ್ಲಿ ಮುಗಿಯಬಹುದಾಗಿದ್ದ ಬರಹ ಒಂದು ತಿಂಗಳು ಹಿಡಿಯಿತು. ಇದಕ್ಕೆ ಕಾರಣ ವಿಷಯದ ಕಷ್ಟವಲ್ಲ. ಓದುತ್ತಾ ಹೋದಂತೆ ನಮ್ಮ ದೊಡ್ಡಕ್ಕನ ನೆನಪು ನನ್ನನ್ನು ಬಿಡದೆ ಕಾಡತೊಡಗಿತು. ಆದ್ದರಿಂದ ಆ ಮಾತನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆಯವರಿಗೆಲ್ಲ ನೆನಪಿದೆ, 1998ರಲ್ಲಿ ಅಕ್ಕನಿಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಬಿದ್ದುಹೋಯಿತು. ಮಾತು ಉಳಿದಿತ್ತು, ಬುದ್ಧಿ ಸ್ಪಷ್ಟವಾಗಿತ್ತು, ಕಾಲು ಕೆಲವು ತಿಂಗಳಲ್ಲಿ ಎಳೆದುಕೊಂಡು ನಡೆಯುವಷ್ಟು ಸುಧಾರಿಸಿತು. ಬಲಗೈ ಮಾತ್ರ ಮರಳಲಿಲ್ಲ. ಬೆಳಗಿನ ಜಾವ ಅಂಗಳಕ್ಕೆ ನೀರು ಚಿಮುಕಿಸಿ, ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಒಂದು ಗೆರೆಯೂ ತಪ್ಪದಂತೆ ಎಳೆಯುತ್ತಿದ್ದ ಕೈ ಅದು. ಶಾಲೆಯಿಂದ ಬಂದ ಮೇಲೆ ದಿನವೂ ನಾನು ಆಕೆಗೆ ವ್ಯಾಯಾಮ ಮಾಡಿಸಲು ಕೂರುತ್ತಿದ್ದೆ. "ಎತ್ತು ಅಕ್ಕ, ಎತ್ತು. ಮನಸ್ಸು ಮಾಡಬೇಕು. ಮನಸ್ಸು ಮಾಡಿದರೆ ಬಂದೇ ಬರುತ್ತೆ" ಎನ್ನುತ್ತಿದ್ದೆ. ತರಗತಿಯಲ್ಲಿ ಲೆಕ್ಕ ಬಾರದ ಹುಡುಗರಿಗೆ ಹೇಳಿ ಹೇಳಿ ಬಾಯಿಗೆ ಅಂಟಿಕೊಂಡಿದ್ದ ಮಾತು. ಒಂದು ದಿನ ಆಕೆ ಕಣ್ಣಲ್ಲಿ ನೀರು ತಂದುಕೊಂಡು, "ಮಾಡ್ತಾನೇ ಇದೀನಿ ಕಣೋ. ನಾನು ಎತ್ತುತ್ತಾನೇ ಇದೀನಿ. ಅದು ಏಳ್ತಿಲ್ಲ ಅಷ್ಟೆ" ಎಂದಳು. ನಾನು ಸುಮ್ಮನಾದೆನೇ ಹೊರತು ಆಕೆಯ ಮಾತನ್ನು ನಂಬಲಿಲ್ಲ. ಕಾಣುವ ಕೈಯನ್ನು ನಂಬಿದೆ.

ಅಕ್ಕ ಹೇಳಿದ್ದು ನಿಜವೋ ಅಲ್ಲವೋ ಎಂಬುದನ್ನು ಹೊರಗಿನಿಂದ ತಿಳಿಯಲು ಸಾಧ್ಯವೇ? ಕೈ ಏಳದಿದ್ದರೂ ಅದನ್ನು ಎತ್ತುವ ಇಚ್ಛೆ ತಲೆಯೊಳಗೆ ಹುಟ್ಟಿದೆ ಎಂಬುದಕ್ಕೆ, ತಲೆಯನ್ನು ತೆರೆಯದೆಯೇ, ಸಾಕ್ಷಿ ಸಿಗಬಲ್ಲುದೇ? ನನ್ನ ವಿದ್ಯಾರ್ಥಿಯ ಪ್ರಶ್ನೆಯೂ ಕೊನೆಗೆ ಇದೇ. ಇದರ ಇತಿಹಾಸ ನೂರೈವತ್ತು ವರ್ಷಗಳಿಗೂ ಮಿಕ್ಕಿದ್ದು.

ಮಿದುಳಿಗೂ ಕೈಗೂ ಇರುವ ವಿದ್ಯುತ್ತಿನ ನಂಟನ್ನು ಮೊದಲು ತೋರಿಸಿದವರು ಜರ್ಮನಿಯ ಗುಸ್ತಾವ್ ಫ್ರಿಟ್ಶ್ ಮತ್ತು ಎಡ್ವರ್ಡ್ ಹಿಟ್ಸಿಗ್. 1870ರಲ್ಲಿ ಬರ್ಲಿನ್ನಿನಲ್ಲಿ ಅವರು ನಾಯಿಯ ಮಿದುಳಿನ ಹೊರಪದರದ ಒಂದು ನಿರ್ದಿಷ್ಟ ಭಾಗಕ್ಕೆ ಅಲ್ಪ ವಿದ್ಯುತ್ತನ್ನು ಹಾಯಿಸಿದಾಗ ಎದುರು ಪಕ್ಕದ ಮುಂಗಾಲು ಅಲುಗಿತು. ಎಡ ಮಿದುಳು ಬಲಗೈಯನ್ನೂ ಬಲ ಮಿದುಳು ಎಡಗೈಯನ್ನೂ ಆಳುತ್ತದೆ ಎಂದು ನಾವು ಪಾಠದಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವ ಸಂಗತಿಯ ಹಿಂದೆ ಇಂತಹ ಪ್ರಯೋಗಗಳಿವೆ. (ಆ ಪ್ರಾಣಿಗಳ ಗತಿಯನ್ನು ನೆನೆದರೆ ಮನಸ್ಸು ಮುದುಡುತ್ತದೆ, ಆದರೂ ನಡೆದದ್ದನ್ನು ಹೇಳದೆ ಇರಲಾಗದು.) ಐದು ವರ್ಷಗಳ ನಂತರ, 1875ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯ ರಿಚರ್ಡ್ ಕ್ಯಾಟನ್ ಇದನ್ನು ತಿರುವುಮುರುವಾಗಿಸಿದರು. ವಿದ್ಯುತ್ತನ್ನು ಒಳಗೆ ಹಾಯಿಸುವ ಬದಲು, ಮೊಲ ಮತ್ತು ಮಂಗಗಳ ತೆರೆದ ಮಿದುಳಿಗೆ ಗ್ಯಾಲ್ವನೋಮೀಟರನ್ನು ಜೋಡಿಸಿ, ಮಿದುಳು ತಾನಾಗಿಯೇ ವಿದ್ಯುತ್ತನ್ನು ಹೊಮ್ಮಿಸುತ್ತಿದೆ ಎಂಬುದನ್ನು ಕಂಡರು.

ಆದರೆ ಇವೆಲ್ಲ ಬುರುಡೆಯನ್ನು ತೆರೆದು ಮಾಡಿದವು. ಬುರುಡೆಯ ಹೊರಗಿನಿಂದಲೇ ಮನುಷ್ಯನ ಮಿದುಳಿನ ವಿದ್ಯುತ್ತನ್ನು ದಾಖಲಿಸಿದವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ಇವರ ಕಥೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.

ಬರ್ಗರ್ ಹುಟ್ಟಿದ್ದು 1873ರಲ್ಲಿ. ತಾರುಣ್ಯದಲ್ಲಿ ಸೈನ್ಯದ ತರಬೇತಿಯಲ್ಲಿದ್ದಾಗ ಒಂದು ದಿನ ಅವರ ಕುದುರೆ ಮುಗ್ಗರಿಸಿ, ಫಿರಂಗಿ ಎಳೆಯುವ ಗಾಡಿಯ ಎದುರೇ ಅವರು ಬಿದ್ದರು. ಗಾಡಿ ಕೊನೆಯ ಕ್ಷಣದಲ್ಲಿ ನಿಂತಿತು. ಅದೇ ಸಂಜೆ ತಂದೆಯಿಂದ ಕ್ಷೇಮ ವಿಚಾರಿಸುವ ತಂತಿ ಬಂತು. ದೂರದ ಊರಿನಲ್ಲಿದ್ದ ಅವರ ಸೋದರಿಗೆ ಹಾನ್ಸ್‌ಗೆ ಏನೋ ಅಪಾಯ ಒದಗಿದೆ ಎಂದು ಬಲವಾಗಿ ಅನಿಸಿತ್ತಂತೆ. ತನ್ನ ಭಯವೇ ಸೋದರಿಗೆ ತಲುಪಿತೆಂದು ಬರ್ಗರ್ ಕೊನೆಯವರೆಗೂ ನಂಬಿದ್ದರು. ಮನಸ್ಸಿನ ವ್ಯಾಪಾರಕ್ಕೆ ಭೌತಿಕವಾದ ಯಾವುದೋ ಶಕ್ತಿಯ ರೂಪವಿರಬೇಕು, ಅದನ್ನು ಅಳೆಯಬೇಕು ಎಂಬ ಹಂಬಲ ಅವರಿಗೆ ಅಂಟಿತು. ಆ ನಂಬಿಕೆ ತಪ್ಪು. ಒಬ್ಬರ ಮಿದುಳಿನ ಅಲೆ ಹಾಗೆ ಇನ್ನೊಬ್ಬರನ್ನು ಮುಟ್ಟಲಾರದು. ಆದರೂ ತಪ್ಪು ನಂಬಿಕೆಯ ಬೆನ್ನು ಹತ್ತಿ ಹೋದವರು ದಾರಿಯಲ್ಲಿ ಸರಿಯಾದ ವಸ್ತುವನ್ನು ಕಂಡುಕೊಂಡರು. ವಿಜ್ಞಾನದಲ್ಲಿ ಇದು ಅಪರೂಪವೇನಲ್ಲ.

1924ರ ಜುಲೈ 6ರಂದು, ಶಸ್ತ್ರಚಿಕಿತ್ಸೆಯಿಂದ ಬುರುಡೆಯ ಮೂಳೆಯಲ್ಲಿ ತೆರಪು ಉಂಟಾಗಿದ್ದ ಹದಿನೇಳರ ಹುಡುಗನೊಬ್ಬನ ತಲೆಯಿಂದ ಬರ್ಗರ್ ಮೊದಲ ಬಾರಿಗೆ ಆ ಕಂಪನಗಳನ್ನು ಹಿಡಿದರು. ಅನಂತರ ಮೂಳೆ ಅಖಂಡವಾಗಿದ್ದವರಲ್ಲಿಯೂ, ತಮ್ಮ ಮಗ ಕ್ಲಾಸ್‌ನಲ್ಲಿಯೂ ಪರೀಕ್ಷಿಸಿದರು. ಆದರೆ ಪ್ರಕಟಿಸಲಿಲ್ಲ. ಇದು ನಾಡಿಯ ಬಡಿತವಿರಬಹುದೇ? ಚರ್ಮದ್ದೋ ಸ್ನಾಯುವಿನದ್ದೋ ಇರಬಹುದೇ? ಉಪಕರಣದ್ದೇ ದೋಷವೇ? ಈ ಅನುಮಾನಗಳನ್ನು ಒಂದೊಂದಾಗಿ ಕಳೆಯುತ್ತಾ ಐದು ವರ್ಷ ಕಳೆದರು. 1929ರಲ್ಲಿ ಮೊದಲ ಲೇಖನ ಹೊರಬಂತು. ಕಣ್ಣು ಮುಚ್ಚಿ ವಿಶ್ರಾಂತಿಯಲ್ಲಿರುವಾಗ ಸೆಕೆಂಡಿಗೆ ಸುಮಾರು 10ರಂತೆ ಬರುವ ಅಲೆಯನ್ನು ಅವರು ಆಲ್ಫಾ ಎಂದು ಕರೆದರು. ಕಣ್ಣು ತೆರೆದರೆ ಆ ಅಲೆ ಅಡಗುತ್ತಿತ್ತು. ಅವರ ಮಾತಿಗೆ ಹೆಚ್ಚು ಮನ್ನಣೆ ಸಿಕ್ಕಿದ್ದು 1934ರಲ್ಲಿ, ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಪ್ರಯೋಗವನ್ನು ಮಾಡಿ ದೃಢಪಡಿಸಿದ ಮೇಲೆ. ಬರ್ಗರ್ 1941ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ನಾಜಿ ಆಡಳಿತದಲ್ಲಿ, ಜನರ ಸಂತಾನಶಕ್ತಿಯನ್ನೇ ಕಸಿಯುವ ತೀರ್ಪುಗಳನ್ನು ಕೊಡುತ್ತಿದ್ದ 'ಆನುವಂಶಿಕ ಆರೋಗ್ಯ ನ್ಯಾಯಾಲಯ'ದಲ್ಲಿ ಅವರೂ ಕುಳಿತಿದ್ದರೆಂಬುದು ಈಚಿನ ಸಂಶೋಧನೆಗಳಿಂದ ಹೊರಬಿದ್ದಿದೆ. ಬಹುಕಾಲ ಪುಸ್ತಕಗಳು ಅವರನ್ನು ನಾಜಿಗಳಿಂದ ನೊಂದ ಸಾಧುವಂತೆ ಚಿತ್ರಿಸುತ್ತಿದ್ದವು. ನಾನೂ ಹಾಗೆಯೇ ಪಾಠ ಹೇಳಿದ್ದೇನೆ. ಅದನ್ನು ಇಲ್ಲಿ ತಿದ್ದಿಕೊಳ್ಳುತ್ತೇನೆ.

ಬರ್ಗರ್ ಹಿಡಿದ ವಿದ್ಯುತ್ತು ಎಷ್ಟು ಕ್ಷೀಣವಾದದ್ದೆಂಬುದನ್ನು ಮನಗಾಣಬೇಕು. ನೆತ್ತಿಯ ಮೇಲೆ ದೊರೆಯುವುದು ಸುಮಾರು 10ರಿಂದ 100 ಮೈಕ್ರೋವೋಲ್ಟ್. 50 ಎಂದಿಟ್ಟುಕೊಂಡರೆ, ಟಾರ್ಚಿಗೆ ಹಾಕುವ 1.5 ವೋಲ್ಟಿನ ಸೆಲ್ಲಿನ 30,000ದಲ್ಲಿ ಒಂದು ಭಾಗ. ರೆಪ್ಪೆ ಬಡಿದರೆ, ಹಲ್ಲು ಕಚ್ಚಿದರೆ, ಕತ್ತು ಬಿಗಿದರೆ ಅದಕ್ಕಿಂತ ಎಷ್ಟೋ ದೊಡ್ಡ ವಿದ್ಯುತ್ತು ಹುಟ್ಟಿ ಇದನ್ನು ನುಂಗಿಬಿಡುತ್ತದೆ. ಅಲ್ಲದೆ ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ನೆತ್ತಿಯ ಮೇಲಿನ ಒಂದು ಎಲೆಕ್ಟ್ರೋಡಿಗೆ ಲಕ್ಷೋಪಲಕ್ಷ ಕೋಶಗಳ ಸದ್ದು ಒಟ್ಟಾಗಿ, ಬುರುಡೆಯ ಮೂಳೆಯಲ್ಲಿ ಕಲಸಿಹೋಗಿ ತಲುಪುತ್ತದೆ.

ನನ್ನ ವಿದ್ಯಾರ್ಥಿಗಳಿಗೆ ಇದನ್ನು ಶಾಲೆಯ ಉದಾಹರಣೆಯಿಂದಲೇ ಹೇಳಬಹುದು. ನೀವು ಶಾಲೆಯ ಕಾಂಪೌಂಡಿನ ಹೊರಗೆ ನಿಂತಿದ್ದೀರಿ. ಒಳಗೆ ಮಕ್ಕಳೆಲ್ಲ ಒಟ್ಟಿಗೆ ಮಗ್ಗಿ ಹೇಳುತ್ತಿದ್ದರೆ ನಿಮಗೆ ಸ್ಪಷ್ಟವಾಗಿ ಕೇಳುತ್ತದೆ. "ಈಗ ಎಲ್ಲರೂ ಲೆಕ್ಕ ಮಾಡಿ" ಎಂದು ಮೇಷ್ಟ್ರು ಹೇಳಿದೊಡನೆ ಆ ರಾಗ ನಿಂತುಹೋಗುತ್ತದೆ. ಪ್ರತಿ ಮಗುವೂ ತನ್ನ ತನ್ನ ಕೆಲಸದಲ್ಲಿ ತೊಡಗುವುದರಿಂದ ಗುಜುಗುಜು ಮಾತ್ರ ಕೇಳಿಸುತ್ತದೆ. ಯಾವ ಮಗು ಯಾವ ಲೆಕ್ಕ ಮಾಡುತ್ತಿದೆಯೆಂದು ಹೊರಗಿನವರಿಗೆ ತಿಳಿಯದು. ಆದರೆ ರಾಗ ನಿಂತಿತು, ಆದ್ದರಿಂದ ಕೆಲಸ ಶುರುವಾಯಿತು ಎಂದು ತಿಳಿಯುತ್ತದೆ. ಮಿದುಳಿನ ಅಲೆಗಳ ವಿಷಯವೂ ಹೀಗೆಯೇ. ಅಲೆ ಎದ್ದು ಕಾಣುವುದು ಕೋಶಗಳು ಬಿಡುವಾಗಿದ್ದು ಒಂದೇ ತಾಳದಲ್ಲಿರುವಾಗ. ಕೆಲಸ ಹಿಡಿದಾಗ ಅಲೆ ಅಡಗುತ್ತದೆ.

ಕೈಗೆ ಸಂಬಂಧಿಸಿದ ಮಗ್ಗಿಯೂ ಒಂದಿದೆ. 1930ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಾಗಿದ್ದ ರೋಗಿಗಳ ಮಿದುಳಿನ ಮೇಲೆ ಯಾವ ಅಂಗಕ್ಕೆ ಯಾವ ಸ್ಥಾನವೆಂದು ಗುರುತಿಸಿ, 1937ರಲ್ಲಿ ನಕ್ಷೆಯನ್ನು ಪ್ರಕಟಿಸಿದ್ದರು. ಅದರಲ್ಲಿ ಇಡೀ ಮುಂಡಕ್ಕೆ ದೊರೆತದ್ದಕ್ಕಿಂತ ಕೈಗೆ, ಅದರಲ್ಲೂ ಹೆಬ್ಬೆರಳಿಗೆ, ಹೆಚ್ಚಿನ ಜಾಗ. ಕಿವಿಯಿಂದ ನೆತ್ತಿಯ ಕಡೆಗೆ ಹೋಗುವ ದಾರಿಯಲ್ಲಿರುವ ಈ ಪ್ರದೇಶದ ಮೇಲೂ, ಕೈ ವಿಶ್ರಾಂತಿಯಲ್ಲಿರುವಾಗ, ಸೆಕೆಂಡಿಗೆ ಸುಮಾರು 8ರಿಂದ 13ರ ಅಲೆಯೊಂದಿರುತ್ತದೆ. 1950ರ ದಶಕದ ಆರಂಭದಲ್ಲಿ ಫ್ರಾನ್ಸಿನ ಆನ್ರಿ ಗಾಸ್ಟೋ ಇದನ್ನು ವಿವರವಾಗಿ ವರ್ಣಿಸಿದರು. ಈಗ ಅದಕ್ಕೆ 'ಮ್ಯೂ' ಅಲೆ ಎಂದು ಹೆಸರು. ಎದುರು ಪಕ್ಕದ ಕೈಯನ್ನು ಅಲುಗಿಸಿದರೆ ಅದು ಅಡಗುತ್ತದೆ. ಅಲುಗಿಸಬೇಕೆಂದು ಮನಸ್ಸಿನಲ್ಲಿ ತಂದುಕೊಂಡರೂ ಅಡಗುತ್ತದೆ. ಕೈ ಏಳುವುದಕ್ಕೆ ಮುನ್ನ, ಕೈ ಏಳದಿದ್ದರೂ, ಒಳಗೆ ಏನೋ ನಡೆಯಿತೆಂಬುದಕ್ಕೆ ಹೊರಗೆ ದೊರೆತ ಮೊದಲ ಗುರುತುಗಳಲ್ಲಿ ಇದೊಂದು.

ಇನ್ನೊಂದು ಗುರುತು 1964ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ದೊರೆಯಿತು. ಹಾನ್ಸ್ ಕಾರ್ನ್‌ಹೂಬರ್ ಮತ್ತು ಅವರ ಶಿಷ್ಯ ಲೂಡರ್ ಡೀಕೆ, ಮನುಷ್ಯ ತಾನಾಗಿ ಇಚ್ಛಿಸಿ ಬೆರಳಾಡಿಸುವ ಮುನ್ನ ಮಿದುಳಿನಲ್ಲಿ ಏನಾಗುತ್ತದೆಂದು ನೋಡಬೇಕೆಂದುಕೊಂಡರು. ಇದರಲ್ಲೊಂದು ತೊಡಕಿದೆ. ಗಂಟೆ ಬಾರಿಸಿ, ಗಂಟೆಯ ನಂತರ ಏನಾಯಿತೆಂದು ನೋಡುವುದು ಸುಲಭ. ಇಚ್ಛೆಗೆ ಗಂಟೆಯಿಲ್ಲ, ಅದು ಎಂದು ಹುಟ್ಟುವುದೆಂದು ಮುಂಚಿತವಾಗಿ ತಿಳಿಯದು. ಅವರು ಕಂಡುಕೊಂಡ ಉಪಾಯ ಬಹಳ ಸರಳವಾದದ್ದು, ಮತ್ತು ನನಗೆ ಅತ್ಯಂತ ಪ್ರಿಯವಾದದ್ದು. ಮಿದುಳಿನ ಸಂಕೇತವನ್ನೂ ಬೆರಳಿನ ಸ್ನಾಯುವಿನ ಸಂಕೇತವನ್ನೂ ಒಂದೇ ಟೇಪಿನಲ್ಲಿ ಮುದ್ರಿಸಿಕೊಂಡು, ಆ ಟೇಪನ್ನು ಹಿಂದುಮುಂದಾಗಿ ಓಡಿಸಿದರು! ಆಗ ಬೆರಳಾಡಿದ ಕ್ಷಣವೇ ಗಂಟೆಯಾಯಿತು. ಅದರ ಹಿಂದಿನ ಕಾಲವೆಲ್ಲ ಅದರ ಮುಂದೆ ಬಿಚ್ಚಿಕೊಂಡಿತು. ನೂರಾರು ಸಲದ್ದನ್ನು ಸರಾಸರಿ ಮಾಡಿದಾಗ, ಬೆರಳು ಅಲುಗುವುದಕ್ಕೆ ಸುಮಾರು ಒಂದು ಸೆಕೆಂಡು ಮೊದಲೇ, ಕೆಲವೊಮ್ಮೆ ಅದಕ್ಕೂ ಮುಂಚೆ, ಮಿದುಳಿನ ವಿದ್ಯುತ್ತು ನಿಧಾನವಾಗಿ ಏರತೊಡಗುವುದು ಕಂಡಿತು. ಅದಕ್ಕೆ 'ಸಿದ್ಧತೆಯ ವಿಭವ' ಎಂಬರ್ಥದ ಜರ್ಮನ್ ಹೆಸರಿಟ್ಟರು. ಟೇಪ್ ರೆಕಾರ್ಡರಿನ ಗುಂಡಿಯನ್ನು ತಿರುಗಿಸಿ ಇಚ್ಛೆಯ ಪೂರ್ವಕಾಲವನ್ನು ನೋಡಿದವರು ಇವರು.

ವಿದ್ಯುತ್ತು ಹರಿದಲ್ಲಿ ಅಯಸ್ಕಾಂತ ಕ್ಷೇತ್ರವೂ ಹುಟ್ಟುತ್ತದೆ ಎಂದು ಹತ್ತನೆಯ ತರಗತಿಯಲ್ಲಿ ಓದಿದ್ದೀರಿ. ಮಿದುಳಿನ ಆ ಕ್ಷೇತ್ರವನ್ನು ಅಮೆರಿಕೆಯ ಡೇವಿಡ್ ಕೋಹೆನ್ 1968ರಲ್ಲಿ ಮೊದಲು ಅಳೆದರು. 1972ರಲ್ಲಿ, ದ್ರವ ಹೀಲಿಯಮ್ಮಿನ ಅತಿಶೀತದಲ್ಲಿ ಕೆಲಸ ಮಾಡುವ 'ಸ್ಕ್ವಿಡ್' ಎಂಬ ಸೂಕ್ಷ್ಮ ಉಪಕರಣದಿಂದ ಸ್ಪಷ್ಟವಾಗಿ ಅಳೆದರು. ಆ ಕ್ಷೇತ್ರ ಭೂಮಿಯ ಅಯಸ್ಕಾಂತ ಕ್ಷೇತ್ರದ ಸರಿಸುಮಾರು 50 ಕೋಟಿಯಲ್ಲಿ ಒಂದು ಪಾಲು. ಅದಕ್ಕಾಗಿ ವಿಶೇಷವಾದ ಕವಚದ ಕೋಣೆಯೇ ಬೇಕು. ಆದರೆ ಬುರುಡೆಯ ಮೂಳೆ ವಿದ್ಯುತ್ತನ್ನು ಕಲಸುವಂತೆ ಅಯಸ್ಕಾಂತ ಕ್ಷೇತ್ರವನ್ನು ಕಲಸುವುದಿಲ್ಲ ಎಂಬುದು ಅದರ ದೊಡ್ಡ ಲಾಭ. ವಿದ್ಯುತ್ತಿನ ದಾಖಲೆಗೆ ಇ.ಇ.ಜಿ. ಎಂದೂ ಇದಕ್ಕೆ ಎಂ.ಇ.ಜಿ. ಎಂದೂ ಹೆಸರು. ಮುಂದಿನ ವರ್ಷವೇ, 1973ರಲ್ಲಿ, ಲಾಸ್ ಏಂಜಲೀಸಿನ ಜಾಕ್ ವಿಡಾಲ್ ಈ ಸಂಕೇತಗಳಿಂದ ಮಿದುಳು ನೇರವಾಗಿ ಕಂಪ್ಯೂಟರಿನೊಡನೆ ಸಂಭಾಷಿಸಬಹುದೇ ಎಂಬ ಪ್ರಶ್ನೆಯನ್ನು ಲೇಖನವಾಗಿಯೇ ಬರೆದರು.

ಕೈ ಅಲುಗುತ್ತದೆಂದು ತಿಳಿಯುವುದು ಒಂದು. ಯಾವ ಕಡೆಗೆ ಅಲುಗುತ್ತದೆಂದು ತಿಳಿಯುವುದು ಇನ್ನೊಂದು. ಈ ಎರಡನೆಯದಕ್ಕೆ ಕೀಲಿಕೈ ಒದಗಿಸಿದವರು ಅಪೊಸ್ಟೊಲೊಸ್ ಜಾರ್ಜೊಪೊಲೊಸ್. 1980ರ ದಶಕದಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮಂಗಗಳ ಮಿದುಳಿನೊಳಗಿನ ಒಂದೊಂದು ಕೋಶದ ಸದ್ದನ್ನೂ ಕೇಳುತ್ತಾ, ಪ್ರತಿ ಕೋಶಕ್ಕೂ ತನಗೆ ಪ್ರಿಯವಾದ ಒಂದು ದಿಕ್ಕಿದೆ ಎಂಬುದನ್ನು ಅವರು ಕಂಡರು. ಕೈ ಆ ದಿಕ್ಕಿಗೆ ಹೊರಟರೆ ಆ ಕೋಶ ಜೋರಾಗಿ ಮಿಡಿಯುತ್ತದೆ. ದಿಕ್ಕು ಬದಲಾದಷ್ಟೂ ಮಿಡಿತ ಇಳಿಯುತ್ತದೆ. ಯಾವ ಒಂದು ಕೋಶವೂ ಕೈಯ ದಿಕ್ಕನ್ನು ನಿರ್ಧರಿಸದು. ಪಂಚಾಯಿತಿಯ ಮತದಾನದಂತೆ ಎಲ್ಲವುಗಳ ಮತವನ್ನೂ ಕೂಡಿಸಿದರೆ ದಿಕ್ಕು ಹೊರಬೀಳುತ್ತದೆ. ಆದರೆ ಇದು ಒಳಗೆ ಕುಳಿತು ಕೇಳಿದ್ದು. ಕಾಂಪೌಂಡಿನ ಹೊರಗೆ ನಿಂತವನಿಗೆ ಈ ಮತ ಎಣಿಕೆ ಕೇಳಿಸೀತೇ? ಕೇಳಿಸದೆಂದೇ ಬಹಳ ಮಂದಿ ಭಾವಿಸಿದ್ದರು.

ಹಾಗಾಗಿ ಹೊರಗಿನವರು ಬೇರೆಯೇ ದಾರಿ ಹಿಡಿದರು. 1991ರಲ್ಲಿ ಅಮೆರಿಕೆಯ ಆಲ್ಬನಿಯಲ್ಲಿ ಜೊನಾಥನ್ ವೋಲ್ಪಾ ಮತ್ತು ಸಂಗಡಿಗರು, ಮ್ಯೂ ಅಲೆಯನ್ನು ಹೆಚ್ಚುಕಡಿಮೆ ಮಾಡಿಕೊಳ್ಳಲು ಜನರಿಗೆ ತರಬೇತಿ ನೀಡಿ, ಅದರಿಂದ ಕಂಪ್ಯೂಟರಿನ ಪರದೆಯ ಮೇಲಿನ ಕರ್ಸರನ್ನು ಮೇಲಕ್ಕೂ ಕೆಳಕ್ಕೂ ಸರಿಸಿದರು. 2004ರಲ್ಲಿ ವೋಲ್ಪಾ ಮತ್ತು ಮ್ಯಾಕ್‌ಫಾರ್ಲೆಂಡ್ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ವರು, ಅವರಲ್ಲಿ ಇಬ್ಬರು ಬೆನ್ನುಹುರಿಗೆ ಪೆಟ್ಟಾದವರು, ಅದನ್ನು ಎರಡು ಆಯಾಮಗಳಲ್ಲಿ ಓಡಿಸಿದರು. ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ, ಈ ಅಲೆ ಅಡಗುವ ಕ್ರಮವನ್ನು 1970ರ ದಶಕದಿಂದಲೂ ಅಳೆಯುತ್ತಾ ಬಂದಿದ್ದ ಗೆರ್ಟ್ ಫುರ್ಟ್‌ಶೆಲ್ಲರ್ ಮತ್ತು ಬಳಗದವರು 2003ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬೆನ್ನುಹುರಿಯ ಪೆಟ್ಟಿನಿಂದ ಕೈಕಾಲು ಸ್ವಾಧೀನ ತಪ್ಪಿದ್ದ ವ್ಯಕ್ತಿಯೊಬ್ಬ, ಇ.ಇ.ಜಿ. ಸಂಕೇತದಿಂದ ತನ್ನದೇ ಕೈಯ ಸ್ನಾಯುಗಳಿಗೆ ವಿದ್ಯುತ್ ಪ್ರಚೋದನೆ ಸಿಗುವಂತೆ ಮಾಡಿಕೊಂಡು ಲೋಟವನ್ನು ಹಿಡಿದ.

ಅದನ್ನು ಓದಿದಾಗ ನನಗೆ ರೋಮಾಂಚನವಾಯಿತು. ಮುಂದಿನ ಸಾಲನ್ನು ಓದಿದಾಗ ಸ್ವಲ್ಪ ಪೆಚ್ಚಾದೆ. ಕೈ ಮುಚ್ಚಬೇಕಾದರೆ ಆತ ಕಲ್ಪಿಸಿಕೊಳ್ಳಬೇಕಾಗಿದ್ದದ್ದು ಕೈಯನ್ನಲ್ಲ, ಪಾದವನ್ನು! ಆತನ ಮಿದುಳಿನಲ್ಲಿ ಪಾದದ ಕಲ್ಪನೆಯಿಂದ ಸಿಗುತ್ತಿದ್ದ ಸಂಕೇತವೇ ಹೆಚ್ಚು ನಂಬಿಕೆಗೆ ಅರ್ಹವಾಗಿತ್ತು. ಅಂದರೆ ಇದು ಇಚ್ಛೆಯನ್ನು ಓದುವುದಲ್ಲ, ಸಂಕೇತಭಾಷೆಯೊಂದನ್ನು ಕಲಿಸುವುದು. ತಂತಿ ಕಚೇರಿಯ ಕಟ್ಟು-ಕಡ ಸದ್ದಿನಂತೆ. ನನ್ನ ವಿದ್ಯಾರ್ಥಿ ಕಳುಹಿಸಿದ ವಿಡಿಯೋದಂತಹ ಪ್ರಯೋಗವನ್ನು 2016ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಬಿನ್ ಹೀ ಅವರ ತಂಡ ಪ್ರಕಟಿಸಿತು. ಅಲ್ಲಿಯೂ ಎಡಗೈಯನ್ನು ಕಲ್ಪಿಸಿಕೊಂಡರೆ ಯಂತ್ರದ ತೋಳು ಎಡಕ್ಕೆ, ಬಲಗೈಯನ್ನು ಕಲ್ಪಿಸಿದರೆ ಬಲಕ್ಕೆ, ಎರಡನ್ನೂ ಕಲ್ಪಿಸಿದರೆ ಮೇಲಕ್ಕೆ, ಸುಮ್ಮನಿದ್ದರೆ ಕೆಳಕ್ಕೆ. "ನೋಡಿದಷ್ಟು ನಿಜವಲ್ಲ" ಎಂದು ನಾನು ಉತ್ತರಿಸಿದ್ದು ಇದಕ್ಕಾಗಿ. ಸಾಧನೆ ಸಣ್ಣದೆಂದು ಹೇಳುತ್ತಿಲ್ಲ. ಆದರೆ ಅಕ್ಕ ಎತ್ತಬಯಸಿದ್ದು ತನ್ನ ಬಲಗೈಯನ್ನು. ಪಾದವನ್ನು ನೆನೆದು ಕೈಯನ್ನು ಪಡೆಯುವ ವಿದ್ಯೆ ಆಕೆಯ ಮಾತಿಗೆ ಸಾಕ್ಷಿಯಾಗದು.

ಆ ಸಾಕ್ಷಿ ಬೇಕಾದರೆ ಕೈಯ ಇಚ್ಛೆಯನ್ನು ಕೈಯ ಇಚ್ಛೆಯಾಗಿಯೇ ಓದಬೇಕು. ಇದರಲ್ಲಿ 2005ರ ನಂತರ ಗುರುತರವಾದ ಪ್ರಯತ್ನಗಳು ನಡೆದವು. ಆ ವರ್ಷ ಜಾರ್ಜೊಪೊಲೊಸ್ ಅವರೇ, ಈ ಬಾರಿ ಬುರುಡೆಯ ಹೊರಗೆ ನಿಂತು, ಎಂ.ಇ.ಜಿ. ಸಂಕೇತಗಳಿಂದ ಕೈ ಚಲಿಸುವ ಪಥವನ್ನು ಅಂದಾಜು ಮಾಡಬಹುದೆಂದು ತೋರಿಸಿದರು. 2008ರಲ್ಲಿ ಜರ್ಮನಿಯ ಸ್ಟೆಫಾನ್ ವಾಲ್ಡರ್ಟ್ ಮತ್ತು ಸಂಗಡಿಗರು ಒಂಬತ್ತು ಜನರಿಂದ ನಾಲ್ಕು ದಿಕ್ಕುಗಳಿಗೆ ಕೈಯಾಡಿಸಿ, ಎಂ.ಇ.ಜಿ.ಯಿಂದ ದಿಕ್ಕನ್ನು ಊಹಿಸಿದರು. ನೂರಕ್ಕೆ 67 ಸರಿಯಾಯಿತು. ಬಹು ಆಯ್ಕೆಯ ಪ್ರಶ್ನೆಪತ್ರಿಕೆ ತಿದ್ದಿದ ನನಗೆ ಗೊತ್ತು, ಏನೂ ಓದದೆ ಕಣ್ಣು ಮುಚ್ಚಿ ಗುರುತು ಹಾಕಿದವನಿಗೂ ನಾಲ್ಕರಲ್ಲಿ ಒಂದು ಸಿಗುತ್ತದೆ; ಆದ್ದರಿಂದ 67ನ್ನು ಹೋಲಿಸಬೇಕಾದದ್ದು 100ರೊಡನೆ ಮಾತ್ರವಲ್ಲ, 25ರೊಡನೆಯೂ. ಇ.ಇ.ಜಿ.ಯಿಂದಲೂ ಊಹೆ ಆ 25ನ್ನು ಮೀರಿತು. ಅಚ್ಚರಿಯೆಂದರೆ ದಿಕ್ಕಿನ ಸುಳಿವು ಹೆಚ್ಚಾಗಿ ಅಡಗಿದ್ದದ್ದು ವೇಗದ ಅಲೆಗಳಲ್ಲಲ್ಲ, ಅತ್ಯಂತ ನಿಧಾನವಾದ ಏರಿಳಿತಗಳಲ್ಲಿ. ಫ್ರೈಬರ್ಗಿನವರು ಟೇಪನ್ನು ಹಿಂದಕ್ಕೆ ಓಡಿಸಿ ಕಂಡಂತಹ ನಿಧಾನದ ವಿದ್ಯುತ್ತಿನಲ್ಲಿ.

2010ರಲ್ಲಿ ಮೇರಿಲೆಂಡ್ ವಿಶ್ವವಿದ್ಯಾಲಯದ ಬ್ರಾಡ್ಬೆರಿ, ಜೆಂಟಿಲಿ ಮತ್ತು ಕಾಂಟ್ರೆರಾಸ್-ವಿಡಾಲ್ ಇನ್ನೂ ದೊಡ್ಡ ಮಾತನ್ನು ಹೇಳಿದರು: ನೆತ್ತಿಯ ಮೇಲಿನ ಇ.ಇ.ಜಿ.ಯ ನಿಧಾನದ ಏರಿಳಿತಗಳಿಂದಲೇ ಕೈಯ ಚಲನೆಯನ್ನು ಮೂರು ಆಯಾಮಗಳಲ್ಲಿ ಮರಳಿ ಚಿತ್ರಿಸಬಹುದು. ಕ್ಷೇತ್ರದಲ್ಲಿ ಸಂಚಲನವುಂಟಾಯಿತು. ಅನುಮಾನಗಳೂ ಬಂದವು. 2013ರಲ್ಲಿ ಆಂಟೆಲಿಸ್ ಮತ್ತಿತರರು ಒಂದು ಸರಳವಾದ ಪರೀಕ್ಷೆ ಮಾಡಿದರು. ನಿಜವಾದ ಮಿದುಳಿನ ಸಂಕೇತದ ಬದಲಿಗೆ, ಚಲನೆಗೆ ಸಂಬಂಧವೇ ಇಲ್ಲದ ಸಂಕೇತವನ್ನು ಅದೇ ಗಣಿತದ ಸೂತ್ರಕ್ಕೆ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಹೊಂದಾಣಿಕೆ ದೊರೆಯಿತು! ನಿಧಾನವಾಗಿ ಏರಿಳಿಯುವ ಎರಡು ಗೆರೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅವು ಒಂದಕ್ಕೊಂದು ಹೋಲುವಂತೆ ತೋರುವುದು ಸಹಜ. ಹಾಗೆಂದು ನಿಧಾನದ ಅಲೆಗಳಲ್ಲಿ ಸುಳಿವೇ ಇಲ್ಲವೆಂದಲ್ಲ. ಆ ಅಳತೆಗೋಲು ಸಾಲದು ಎಂದಷ್ಟೆ. ನಾಡಿಯೇ, ಚರ್ಮವೇ, ಉಪಕರಣವೇ ಎಂದು ಐದು ವರ್ಷ ತಡೆದು ಕೂತಿದ್ದ ಬರ್ಗರ್ ನನಗೆ ನೆನಪಾದದ್ದು ಇಲ್ಲಿ.

ಅಕ್ಕನ ಪ್ರಶ್ನೆಗೆ ಹತ್ತಿರವಾದ ಉತ್ತರ ನನಗೆ ದೊರೆತದ್ದು ಗ್ರಾಟ್ಸ್‌ನಲ್ಲಿಯೇ. ಅಲ್ಲಿನ ಪ್ಯಾಟ್ರಿಕ್ ಓಫ್ನರ್, ಗೆರ್ನೋಟ್ ಮ್ಯೂಲರ್-ಪುಟ್ಸ್ ಮತ್ತಿತರರು 2017ರಲ್ಲಿ ಹದಿನೈದು ಆರೋಗ್ಯವಂತರಿಗೆ ಒಂದೇ ತೋಳಿನ ಆರು ಬಗೆಯ ಚಲನೆಗಳನ್ನು ಕೊಟ್ಟರು: ಮೊಣಕೈ ಮಡಿಸುವುದು, ಚಾಚುವುದು, ಅಂಗೈಯನ್ನು ಮೇಲಕ್ಕೆ ತಿರುಗಿಸುವುದು, ಕೆಳಕ್ಕೆ ತಿರುಗಿಸುವುದು, ಮುಷ್ಟಿ ತೆರೆಯುವುದು, ಮುಚ್ಚುವುದು. ಕುರುಡು ಊಹೆಗೆ ನೂರಕ್ಕೆ ಸುಮಾರು 17 ಸಿಗಬೇಕು. ನಿಜವಾಗಿ ಕೈಯಾಡಿಸಿದಾಗ ಇ.ಇ.ಜಿ.ಯಿಂದ ಬಂದ ಊಹೆ 55ರಷ್ಟು ಸರಿ. ಕೈಯಾಡಿಸಿದಂತೆ ಬರಿದೆ ಕಲ್ಪಿಸಿಕೊಂಡಾಗ 27. 2019ರಲ್ಲಿ ಅವರೇ, ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾಗಿದ್ದ ಹತ್ತು ಜನರನ್ನು ಕೂರಿಸಿ, ಕಲ್ಪಿಸಿಕೊಳ್ಳಿರೆಂದು ಹೇಳದೆ, ಐದು ಬಗೆಯ ಚಲನೆಗಳನ್ನು ಮಾಡಲು ಯತ್ನಿಸಿರೆಂದು ಹೇಳಿದರು. ಕುರುಡು ಊಹೆಗೆ 20, ಬಂದದ್ದು 45. ಎರಡು ಪ್ರಯೋಗಗಳ ಜನರೂ ಬೇರೆ, ಚಲನೆಗಳ ಸಂಖ್ಯೆಯೂ ಬೇರೆಯಾದ್ದರಿಂದ ಅಂಕಿಗಳನ್ನು ನೇರವಾಗಿ ತೂಗಿ ನೋಡಬಾರದು. ಆದರೂ ಆ 45ನ್ನು ನಾನು ಮತ್ತೆ ಮತ್ತೆ ಓದಿದೆ. ಮಾಡಲಾಗದ ಚಲನೆಯನ್ನು ಮಾಡಲು ಯತ್ನಿಸುತ್ತಿರುವವರ ಯತ್ನವೇ ಅಲ್ಲಿ ಹೊರಗೆ ಕಂಡಿತ್ತು. ಅದೂ, ಎತ್ತುತ್ತಿದ್ದಾರೋ ಇಲ್ಲವೋ ಎಂಬಷ್ಟೇ ಅಲ್ಲ. ತೆರೆಯಲು ಯತ್ನಿಸುತ್ತಿದ್ದಾರೋ, ತಿರುಗಿಸಲು ಯತ್ನಿಸುತ್ತಿದ್ದಾರೋ ಎಂಬುದೂ ಮಸುಕಾಗಿ.

ಬೆನ್ನುಹುರಿಯ ಪೆಟ್ಟಿನಲ್ಲಿ ಮಿದುಳಿಗೆ ಏಟು ಬಿದ್ದಿರುವುದಿಲ್ಲ; ಪಾರ್ಶ್ವವಾಯುವಿನಲ್ಲಿ ಮಿದುಳೇ ಗಾಯಗೊಂಡಿರುತ್ತದೆ. ಆದ್ದರಿಂದ ಒಂದರ ಮಾತು ಇನ್ನೊಂದಕ್ಕೆ ಹಾಗೆಯೇ ಹೊಂದದು. ಆದರೆ ಪಾರ್ಶ್ವವಾಯುವಿನಲ್ಲಿಯೂ ಕೆಲವರಿಗೆ ಮಿದುಳಿನ ಹೊರಪದರ ಉಳಿದು, ಅಲ್ಲಿಂದ ಕೆಳಗಿಳಿಯುವ ನರದ ದಾರಿ ಮಾತ್ರ ಕಡಿದಿರುತ್ತದೆ. ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ರಾಮೋಸ್-ಮುರ್ಗ್ವಿಯಾಲ್ಡೇ, ನೀಲ್ಸ್ ಬೀರ್ಬೌಮರ್ ಮತ್ತಿತರರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈ ಪೂರ್ತಿ ಸ್ವಾಧೀನ ತಪ್ಪಿ ಬಹುಕಾಲವಾಗಿದ್ದ 32 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ, ಕೈಯಾಡಿಸಲು ಯತ್ನಿಸಿದಾಗ ಮಿದುಳಿನ ಅಲೆ ಅಡಗಿದ ಕ್ಷಣದಲ್ಲಿಯೇ, ಕೈಗೆ ತೊಡಿಸಿದ ಯಂತ್ರ ಆ ಕೈಯನ್ನು ಸರಿಸುತ್ತಿತ್ತು. ಉಳಿದವರಿಗೆ ಯಂತ್ರ ತನಗೆ ತೋಚಿದಾಗ ಸರಿಸುತ್ತಿತ್ತು. ಇಬ್ಬರಿಗೂ ಒಂದೇ ಫಿಜಿಯೋಥೆರಪಿ. ಮೊದಲಿನವರಲ್ಲಿ, ಸಣ್ಣದಾದರೂ ಅಳೆಯಬಹುದಾದ ಸುಧಾರಣೆ ಕಂಡಿತು. ಅಮೆರಿಕೆಯ ಸೇಂಟ್ ಲೂಯಿಸ್‌ನಲ್ಲಿ ಎರಿಕ್ ಲೂಥಾರ್ಟ್ ಮತ್ತು ಸಂಗಡಿಗರು ಗಾಯವಾಗದ ಪಕ್ಕದ ಮಿದುಳಿನಿಂದಲೇ ಇಚ್ಛೆಯನ್ನು ಓದುವ ಕೈಗವಸಿನಂತಹ ಯಂತ್ರವನ್ನು ರೂಪಿಸಿದರು. ಅದಕ್ಕೆ 2021ರ ಏಪ್ರಿಲಿನಲ್ಲಿ ಅಮೆರಿಕ ಸರ್ಕಾರದ ಅನುಮತಿ ದೊರೆಯಿತು. ಇವು ಯಾವುವೂ ಕೈಯನ್ನು ಮೊದಲಿನಂತೆ ಮಾಡಿಕೊಡುವಂಥವಲ್ಲ.

ನಾನು ಅಕ್ಕನಿಗೆ ವ್ಯಾಯಾಮ ಮಾಡಿಸುತ್ತಿದ್ದಾಗ, ಆಕೆ "ಎತ್ತುತ್ತಾನೇ ಇದೀನಿ" ಎಂದ ಮೇಲೆ, ಕೈಯನ್ನು ಎತ್ತಿ ಕೊಡಬಹುದಾಗಿತ್ತು. ಆಕೆ ಎತ್ತುತ್ತೇನೆ ಎಂದ ಕ್ಷಣದಲ್ಲಿಯೇ. ಟ್ಯೂಬಿಂಗನ್ನಿನ ಯಂತ್ರ ಮಾಡಿದ್ದು ಇಷ್ಟನ್ನೇ. ನಾನು ಬದಲಿಗೆ "ಇನ್ನೂ ಮನಸ್ಸು ಮಾಡು" ಎನ್ನುತ್ತಿದ್ದೆ. ಆಕೆಯ ಬಲಗೈ ಅದರಿಂದ ಮರಳುತ್ತಿತ್ತೆಂದು ನಾನು ಹೇಳಲಾರೆ. ಮನಸ್ಸು ಮಾಡಿಲ್ಲವೆಂದು ಮಾತ್ರ ಆಕೆಗೆ ಮತ್ತೆ ಮತ್ತೆ ಹೇಳಿದಂತಾಯಿತು. ತರಗತಿಯಲ್ಲಿ ಆ ಮಾತನ್ನು ನನ್ನಿಂದ ಕೇಳಿಸಿಕೊಂಡ ಕೆಲವರು ಇದನ್ನು ಓದುತ್ತಿರುವಿರಿ. ನಿಮ್ಮಲ್ಲಿಯೂ ಕೆಲವರು ಆಗಲೇ ಮನಸ್ಸು ಮಾಡಿದ್ದಿರಬಹುದು.

ಅಕ್ಕ ತೀರಿಕೊಂಡದ್ದು 2009ರಲ್ಲಿ. ಕೊನೆಯ ಆರೇಳು ವರ್ಷ ಎಡಗೈಯಿಂದಲೇ ರಂಗೋಲಿ ಹಾಕುತ್ತಿದ್ದಳು. ಗೆರೆಗಳು ಸ್ವಲ್ಪ ನಡುಗುತ್ತಿದ್ದವು, ಚುಕ್ಕಿ ಏಳಕ್ಕೆ ಇಳಿದಿತ್ತು. ಆಗ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಎಡಗೈಯ ರಂಗೋಲಿಗಳನ್ನು ಆಕೆ ಒಂದು ನೂರು ಪುಟದ ನೋಟ್ ಪುಸ್ತಕದಲ್ಲಿ, ಹಳೆಯ ಬಲಗೈಯ ರಂಗೋಲಿಗಳ ಹಿಂಬದಿಯ ಹಾಳೆಗಳಲ್ಲಿ ಬರೆದಿಟ್ಟಿದ್ದಳು. ಮನೆ ಬದಲಾಯಿಸುವಾಗ ಆ ಪುಸ್ತಕ ನಮ್ಮವರಲ್ಲಿ ಯಾರದೋ ಟ್ರಂಕಿಗೆ ಸೇರಿಕೊಂಡಿದೆ. ನೀಲಿ ರಟ್ಟು, ಮೇಲೆ ಅರಿಶಿನದ ಕಲೆ. ಯಾರ ಬಳಿಯಾದರೂ ಇದ್ದರೆ ದಯವಿಟ್ಟು ನನಗೆ ಒಂದು ಫೋನ್ ಮಾಡಿ.